ಅವ್ವನ ಮದುವೆ ಸೀರೆ

ಗಂಡನ ಅಂಗಿಯ ಕಾಲರ್ ಸವೆದರೆ ಬಿಚ್ಚಿ, ಒಳಮಗ್ಗುಲು ಹೊರಗೆ ಬರುವಂತೆ ತಿರುಗಿಸಿ ಹೊಲಿದುಬಿಡುತ್ತೇನೆ. ಅಲ್ಲಿಗೆ ಅಂಗಿಗೆ ಮತ್ತೆ ಆಯುಸ್ಸು ಬಂದ ಹಾಗೆ. ಅವರಿಗೆ ಕಂಪ್ಲಿಯ ಅಕ್ಕಿ ಗಿರಣಿಯಲ್ಲಿ ಕೆಲಸ. ಆ ಸಂಬಳದಲ್ಲಿ ಮಗಳನ್ನು ಓದಿಸಿ ಮದುವೆ ಮಾಡಿದ್ದು ಬಟ್ಟೆಬರೆಯ ಖರ್ಚನ್ನು ಹಿಡಿತದಲ್ಲಿ ಇಟ್ಟುಕೊಂಡೇ. ಹಳೆಯದನ್ನು ಉಡುವುದಕ್ಕೆ ನಾನು ಎಂದೂ ನಾಚಿದವಳಲ್ಲ.

ಹೊಸಪೇಟೆಯಲ್ಲಿರುವ ನನ್ನ ಅಕ್ಕ ಎರಡು ಮೂರು ಸಲ ಉಟ್ಟು ಬೇಸರವಾದ ಸೀರೆಗಳನ್ನು ಚೀಲದಲ್ಲಿ ತುಂಬಿ ನನಗೆ ಕಳಿಸುತ್ತಿದ್ದಳು. “ನಾ ಕೊಟ್ಟೀನಿ ಅಂತ ಯಾರ ಮುಂದೂ ಅನ್ನಂಗಿಲ್ಲ, ನೀನೂ ಅನ್ನಬ್ಯಾಡ,” ಎಂದು ಮೊದಲ ಸಲವೇ ಹೇಳಿದ್ದಳು. ಆ ಒಂದು ಮಾತಿಗೆ ಅವಳ ಮೇಲೆ ನನಗೆ ಬಹಳ ಅಭಿಮಾನ. ಅವಳ ಮನೆಯ ಪರದೆ, ದಿಂಬಿನ ಚೀಲ, ಮೊಮ್ಮಕ್ಕಳ ಹರಿದ ಯೂನಿಫಾರ್ಮ್ ಎಲ್ಲ ನನ್ನ ಮಷಿನ್ನಿಗೇ ಬರುತ್ತಿದ್ದವು.

ಅಪ್ಪ ತೀರಿದ ಮೇಲೆ ಅವ್ವ ಅಕ್ಕನ ಮನೆಯಲ್ಲಿದ್ದಾಳೆ. ಒಂದು ಮಧ್ಯಾಹ್ನ ನಾನು ಹೋಗಿದ್ದಾಗ ಅವ್ವ ಟ್ರಂಕಿನಿಂದ ತನ್ನ ಮದುವೆಯ ಮೊಳಕಾಲ್ಮೂರು ರೇಷ್ಮೆ ಸೀರೆ ತೆಗೆದಳು. ಮಡಿಕೆ ಇದ್ದಲ್ಲೆಲ್ಲ ಸೀಳಿಹೋಗಿತ್ತು. ಅಕ್ಕ ಅಡುಗೆಮನೆಯಿಂದಲೇ, “ಅದರಾಗ ಏನೈತಿ? ಹಳೇ ಜರಿ ಸೀರಿ ತಗೊಳ್ಳಾಕ ಬರ್ತಾರಲ್ಲ, ಅವರಿಗೆ ಹಾಕು,” ಅಂದಳು.

ಅವ್ವ ನನ್ನ ಕಡೆ ನೋಡಿದಳು. “ನಿನ್ನ ಕೈಯಾಗ ಇದು ಉಳೀತೈತೇನವ್ವಾ?”

ಸೀರೆಯ ಜೊತೆಗೆ ಅವ್ವನೂ ಕೆಲ ದಿನದ ಮಟ್ಟಿಗೆ ಕಂಪ್ಲಿಗೆ ಬಂದಳು. ಪೂರ್ತಿ ಹೋಗಿದ್ದ ತುಂಡನ್ನು ಕತ್ತರಿಸಿ ತೆಗೆದು, ಉಳಿದ ಎರಡು ಭಾಗ ಕೂಡಿಸಿ, ಆ ಹೊಲಿಗೆ ನೆರಿಗೆಯೊಳಗೆ ಅಡಗುವಂತೆ ಮಾಡಿದೆ. ಚಿಕ್ಕ ಸೀಳುಗಳನ್ನು, ಕತ್ತರಿಸಿದ ತುಂಡಿನಿಂದಲೇ ಎಳೆ ಬಿಡಿಸಿಕೊಂಡು ಹೆಣೆದು ಮುಚ್ಚಿದೆ. ಅವ್ವ ಎದುರಿಗೆ ಕುಳಿತು ಬಟ್ಟೆಯನ್ನು ಬಿಗಿಯಾಗಿ ಹಿಡಿದುಕೊಳ್ಳುತ್ತಿದ್ದಳು. ಮದುವೆಯ ದಿನ ಈ ಸೀರೆ ಭಾರಕ್ಕೆ ಜಾರಿ ಜಾರಿ ತಾನು ಪೇಚಾಡಿದ್ದನ್ನು ಹೇಳಿ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಕೆಲಸ ಮುಗಿದಾಗ, “ಮಗಳ ಕುಬಸಕ್ಕ ನೀನ ಉಟ್ಕೋ. ಇದು ಇನ್ನ ನಿಂದ,” ಅಂದಳು.

ಬಸುರಿ ಮಗಳಿಗೆ ಸಂಡೂರಿನ ಗಂಡನ ಮನೆಯಲ್ಲೇ ಕುಬಸ ಇಟ್ಟುಕೊಂಡಿದ್ದರು. ಆರತಿ ಮುಗಿದು ಹೆಂಗಸರೆಲ್ಲ ಕುಳಿತಿದ್ದೆವು. ಬೀಗತಿ ನನ್ನ ಸೆರಗು ಹಿಡಿದು, “ಎಂಥ ಚಂದ ಐತ್ರೀ ಸೀರಿ! ಈಗಿನ ಮಾಲಲ್ಲ ಬಿಡ್ರಿ,” ಅಂದರು. ನಾನು ಬಾಯಿ ತೆರೆಯುವ ಮೊದಲೇ ಪಕ್ಕದಲ್ಲಿದ್ದ ಅಕ್ಕ ನಕ್ಕಳು.

“ನಂದ ರೀ ಅದು, ನಾನ ಕೊಟ್ಟಿದ್ದು. ಈಕಿ ಮದಿವ್ಯಾದಾಗಿಂದ ನನ್ನ ಸೀರಿನ ಉಡ್ತಾಳ. ಸ್ವಂತಕ್ಕ ಒಂದರ ತಗೊಂಡಾಳೇನು ಕೇಳ್ರಿ!”

ಎಲ್ಲರೂ ನಕ್ಕರು. ಉಳಿದ ಸೀರೆಗಳ ಮಾತಾಗಿದ್ದರೆ ನುಂಗಿಕೊಳ್ಳುತ್ತಿದ್ದೆನೇನೋ. ಇದನ್ನು ಬಿಡಲಾಗಲಿಲ್ಲ. “ಇಲ್ರಿ, ಇದು ನಮ್ಮವ್ವನ ಮದಿವಿ ಸೀರಿ. ಹರದಿತ್ತು, ನಾನ ಸರಿ ಮಾಡೀನಿ,” ಅಂದೆ.

ಬೀಗತಿ ಅವ್ವನ ಕಡೆ ತಿರುಗಿದರು. “ಹೌದೇನ್ರಿ, ಅಮ್ಮಾ?”

ಅವ್ವ ಎಲೆಗೆ ಸುಣ್ಣ ಹಚ್ಚುತ್ತಿದ್ದಳು. ಅಕ್ಕನ ಮುಖ ನೋಡಿದಳು. ನನ್ನನ್ನು ನೋಡಲಿಲ್ಲ. “ನಂಗೆಲ್ಲಿ ನೆನಪಿರ್ತೈತ್ರಿ. ದೊಡ್ಡಾಕಿ ಅಂದಮ್ಯಾಲ ಖರೇನ ಇರಬೇಕು.”

ಆ ಗುಂಪಿನಲ್ಲಿ ನಾನು ಹಳೆ ಸೀರೆಯವಳಷ್ಟೇ ಅಲ್ಲ, ಸುಳ್ಳಿಯೂ ಆದೆ. ಬೀಗತಿ ಬೇರೆ ಮಾತು ತೆಗೆದರು. ಊಟದಲ್ಲಿ ಹೋಳಿಗೆ ಬಡಿಸಿದರು. ನನ್ನದನ್ನು ಎಲೆಯ ತುದಿಗೆ ಸರಿಸಿಟ್ಟೆ.

ವಾಪಸು ಬರುವಾಗ ಹೊಸಪೇಟೆ ಬಸ್ ಸ್ಟ್ಯಾಂಡಿನಲ್ಲಿ ಅಕ್ಕ ಆಟೋ ಹುಡುಕಲು ಹೋದಳು. ಆಗ ಅವ್ವನನ್ನು ಕೇಳಿದೆ, “ಖರೇನ ನೆನಪಿಲ್ಲೇನು ನಿನಗ?”

“ನಾ ಈಗ ಆಕಿ ಮನಿಗೇ ಹೋಗ್ಬೇಕಲ್ಲವ್ವಾ,” ಅಂದಳು. “ನೀ ತಡಕೊಂತಿ. ಆಕಿ ತಡಕೊಳ್ಳಂಗಿಲ್ಲ.”

“ಹಂಗಾರ ನನ್ನ ಜೋಡಿ ಬಂದುಬಿಡು.”

ಅಷ್ಟರಲ್ಲಿ ಆಟೋ ಬಂತು, ಅವ್ವ ಹತ್ತಿದಳು. ನಾನು ಕಂಪ್ಲಿ ಬಸ್ಸು ಹಿಡಿದೆ.

ಮುಂದಿನ ಸಲ ಅಕ್ಕನಿಂದ ಸೀರೆಯ ಚೀಲ ಬಂದಾಗ ಬಿಚ್ಚದೆ ತಿರುಗಿ ಕಳಿಸಿದೆ. ಅಕ್ಕ ಫೋನ್ ಮಾಡಿ, “ಚಾಷ್ಟಿಗೆ ಅಂದಿದ್ದಕ್ಕ ಇಷ್ಟು ಸಿಟ್ಟೇನಲೇ?” ಅಂದಳು. ಅವಳ ಮನೆಯ ಹೊಲಿಗೆಯನ್ನೂ ಬೇರೆ ಕಡೆ ಕೊಡು ಎಂದು ಹೇಳಿ ಇಟ್ಟುಬಿಟ್ಟೆ.

ಮಗಳು ಹೆರಿಗೆಗೆ ಬಂದಾಗ ಎಲ್ಲ ಹೇಳಿಕೊಂಡೆ. “ದೊಡ್ಡವ್ವ ಸುಳ್ಳು ಹೇಳಾಕತ್ತಾಳ ಅಂತ ನಂಗ ಅವತ್ತ ಗೊತ್ತಾತವ್ವ. ಅತ್ತಿ ಮುಂದ ನಾ ಹೆಂಗ ಬಾಯಿ ಹಾಕ್ಲಿ?” ಅಂದಳು. ಅವಳ ಕಷ್ಟ ಅರ್ಥವಾಯಿತು. ಅವ್ವನದೂ ಅರ್ಥವಾಗುತ್ತದೆ. ಅರ್ಥವಾದರೆ ನೋವು ಇಳಿಯುತ್ತದೆ ಅಂದುಕೊಂಡಿದ್ದೆ, ಇಳಿಯಲಿಲ್ಲ.

ಅವ್ವನನ್ನು ನೋಡಲು ಈಗಲೂ ಹೋಗುತ್ತೇನೆ. ಉಂಡೆಯೇನು, ಗುಳಿಗೆ ತಗೊಂಡೆಯೇನು ಎಂದು ಕೇಳುತ್ತೇನೆ, ತಲೆಗೆ ಎಣ್ಣೆ ಹಚ್ಚುತ್ತೇನೆ. ಮುಂಚೆ ಮನಸ್ಸಿನಲ್ಲಿದ್ದದ್ದೆಲ್ಲ ಅವಳ ಮುಂದೆ ಆಡಿ ಹಗುರಾಗಿ ಬರುತ್ತಿದ್ದೆ. ಈಗ ಆಡುವುದಿಲ್ಲ. ಯಾಕೆ ಎಂದು ಅವ್ವನೂ ಕೇಳಿಲ್ಲ.