ಕೋಟೆಗೆ ಕಾಗದ ಬರುವುದಿಲ್ಲ

"ಕೋಟೆಯಿಂದ ಶುರು ಮಾಡಿ ಅಂತ ಬರ್ದುಕೊಟ್ಟಿದ್ನಲ್ಲ, ಸೆನ್ಯೋರ್ ಸಿಲ್ವಿನೊ. ನೀವು ನೋಡಿದ್ರೆ ಕೆಳಗೆ ಚಿಲುಮೆ ಹತ್ರ ನಿಂತಿದ್ದೀರಿ."

"ಬರ್ದಿದ್ದನ್ನ ನಾನು ಓದಿದ್ದೀನಿ ದೊತೋರ, ನನ್ನ ಕಾಲು ಓದಿಲ್ಲ. ಮೂವತ್ತಾರು ವರ್ಷ ಇಲ್ಲಿಂದ್ಲೇ ಹತ್ತಿದ ಕಾಲು ಅದು."

"ಹಾಗಾದ್ರೆ ಗೈಡ್ ಕೆಲಸ ಕಾಲಿಗೇ ಕೊಟ್ಬಿಡ್ಲಾ?"

ಈ ಬೆಟ್ಟದೂರು ಕಾಸ್ತೆಲೊ ದೆ ವೀದೆಯಲ್ಲಿ ಓದಿಕೊಂಡವರನ್ನೆಲ್ಲ ದೊತೋರ ಎಂದೇ ಕರೆಯುವುದು. ಮಾಫಾಲ್ಡ ಇತಿಹಾಸ ಓದಿ ಪುರಸಭೆ ಸೇರಿದವಳು, ವಯಸ್ಸಿನಲ್ಲಿ ಸಿಲ್ವಿನೊನ ಮಗಳಾಗಬಹುದು, ಮತ್ತು ಇವತ್ತು ಅವನ ಪರೀಕ್ಷಕಿ. ಯೆಹೂದಿ ಕೇರಿ, ಅವರ ಪ್ರಾರ್ಥನಾಮಂದಿರವಾದ ಸಿನಗಾಗ್, ಕೋಟೆ, ಈ ಮೂರನ್ನೂ ಒಂದೂವರೆ ಗಂಟೆಯಲ್ಲಿ ತೋರಿಸಿ ಪಾಸಾದರೆ ಬೇಸಿಗೆಯ ಗೈಡ್ ಕೆಲಸ ಅವನದು. ಇಲ್ಲದಿದ್ದರೆ ಮತ್ತೆ ಮನೆ, ಮನೆ ಅಂದರೆ ಡಿಯೋಲಿಂಡಳ ಅಡುಗೆಮನೆ. ಅಂಚೆ ಹಂಚುವ ಕೆಲಸದಿಂದ ರಿಟೈರಾಗಿ ನಾಲ್ಕೇ ತಿಂಗಳಲ್ಲಿ ಅವನು ಹೆಂಡತಿಯ ಡಬ್ಬಗಳಿಗೆಲ್ಲ ಮನೆ ನಂಬರು ಅಂಟಿಸಿ, ಎಡಕ್ಕೆ ಬೆಸ, ಬಲಕ್ಕೆ ಸಮ ಎಂದು ಜೋಡಿಸಿಟ್ಟಿದ್ದ. ಉಪ್ಪು ಹುಡುಕಿ ಹುಡುಕಿ ಸುಸ್ತಾದ ಅವಳು, "ಗೈಡಾಗು, ಕಳ್ಳನಾಗು, ಏನಾದ್ರೂ ಆಗು. ಬೆಳಿಗ್ಗೆ ಹತ್ತರಿಂದ ಒಂದರ ತನಕ ನನ್ನ ಕಣ್ಣಿಗೆ ಬೀಳ್ಬೇಡ" ಅಂದಿದ್ದಳು.

ಹಾಗಾಗಿ ಅಂಗಿಗೆ ಇಸ್ತ್ರಿ ಹಾಕಿಕೊಂಡು ಬಂದಿದ್ದ ಅವನು. ಅವನ ಹಿಂದೆ ಕೊಯಿಂಬ್ರದಿಂದ ಊರು ನೋಡಲು ಬಂದ ಮೇಷ್ಟ್ರು ದಂಪತಿ, ಅವರ ಹಿಂದೆ ಫೈಲು ಹಿಡಿದ ಮಾಫಾಲ್ಡ. ಕಲ್ಲು ಹಾಸಿದ ಕೇರಿ ಏರುತ್ತಲೇ ಹೋಗುತ್ತದೆ, ಎರಡೂ ಬದಿ ಹೂಕುಂಡ, ಎಲ್ಲರ ಉಸಿರೂ ಮೇಲಕ್ಕೆ, ಸಿಲ್ವಿನೊನದು ಮಾತ್ರ ಇದ್ದಲ್ಲೇ.

"ಈ ಬಾಗಿಲು ನೋಡಿ," ಎಂದು ನಿಂತ. ಚೂಪು ಕಮಾನಿನ ಹಳೇ ಕಲ್ಲುಬಾಗಿಲು. ಮೇಷ್ಟ್ರ ಹೆಂಡತಿ ಜುಲ್ಮೀರ ಭಕ್ತಿಯಿಂದ ಕನ್ನಡಕ ಏರಿಸಿದಳು. "ಇಲ್ಲಿ ಕಾಗದ ಸಂದಿಯಿಂದ ತಳ್ಳಬಾರ್ದು. ಒಳಗಿರೋ ಬೆಕ್ಕು ಹರಿದು ಹಾಕುತ್ತೆ."

"ಕಮಾನಿನ ವಿಷಯ ಏನಾದ್ರೂ?" ಮಾಫಾಲ್ಡ ಕೆಮ್ಮಿದಳು.

"ಕಮಾನು ಇದೆ. ತಲೆ ತಗ್ಗಿಸ್ಬೇಕು."

ಮಾಫಾಲ್ಡ ಏನೋ ಬರೆದುಕೊಂಡಳು, ಅದು ಒಳ್ಳೆಯದೇನಲ್ಲ ಅನ್ನುವುದು ಪೆನ್ನು ಒತ್ತಿದ ರೀತಿಯಲ್ಲೇ ಗೊತ್ತಾಗುತ್ತಿತ್ತು.

ಮುಂದಿನ ತಿರುವಿನಲ್ಲಿ ಬಾಲ್ಬೀನಜ್ಜಿ ಕುರ್ಚಿ ಹಾಕಿಕೊಂಡು ಕೂತಿದ್ದಳು. "ಏನು ತಂದ್ಯೋ?"

"ಕಾಗದ ಇಲ್ಲಜ್ಜಿ, ಜನ ತಂದಿದ್ದೀನಿ."

"ಕಾಗದಾನೇ ವಾಸಿ, ಅದು ತಿನ್ನೋಕೆ ಕೇಳಲ್ಲ." ಹಾಗೆಂದವಳೇ ಒಳಗೆ ಹೋಗಿ ಸೇಬು, ದಾಲ್ಚಿನ್ನಿ ಹಾಕಿ ಬೇಯಿಸಿದ ಬೊಲೆಯ್ಮ ತಟ್ಟೆ ತುಂಬ ತಂದು ಜುಲ್ಮೀರಳ ಕೈಗಿಟ್ಟಳು. "ತಿನ್ನಮ್ಮ. ಈ ಮನುಷ್ಯ ಪೋಸ್ಟ್‌ಕಾರ್ಡ್ ಓದ್ತಿದ್ದ, ಗೊತ್ತಾ? ಫ್ರಾನ್ಸಲ್ಲಿ ನನ್ನ ತಮ್ಮನ ಮದುವೆ ಆದದ್ದು ನನಗಿಂತ ಮೊದ್ಲು ಬೇಕರಿಗೆ ಗೊತ್ತಾಗಿತ್ತು."

"ಮುಚ್ಚದೆ ಬರೆದದ್ದನ್ನ ಓದಿದ್ರೆ ತಪ್ಪೇನಜ್ಜಿ?"

"ತಪ್ಪಲ್ಲ. ಆದ್ರೆ ಉಡುಗೊರೆ ಏನು ಕಳಿಸ್ಬೇಕು ಅಂತ ನನಗೇ ಸಲಹೆ ಕೊಟ್ಟೆ ನೋಡು, ಅದು ಜಾಸ್ತಿಯಾಯ್ತು."

ಅಜ್ಜಿಯೂ ತಟ್ಟೆ ಹಿಡಿದು ಹಿಂದೆಯೇ ಬಂದಳು. ಸಿನಗಾಗ್ ಅಲ್ಲೇ, ಮೂಲೆಯಲ್ಲಿ. ಅಲ್ಲಿ ಮಾತ್ರ ಇಷ್ಟು ಹೊತ್ತು ನಿಲ್ಲದ ಸಿಲ್ವಿನೊನ ಬಾಯಿ ನಿಂತುಹೋಯಿತು. ಮಾಫಾಲ್ಡ ಗಡಿಯಾರ ನೋಡಿದಳು.

"ಏನ್ ಹೇಳ್ಲಿ ದೊತೋರ? ಇಲ್ಲಿ ನಾನು ನಿಂತವ್ನೇ ಅಲ್ಲ. ಇಲ್ಲಿಗೆ ಕಾಗದ ಬರಲ್ಲ, ಕೋಟೆಗೂ ಬರಲ್ಲ." ಟೋಪಿ ತೆಗೆದು ತಲೆ ಕೆರೆದುಕೊಂಡ. "ಬಂದದ್ದು ಒಂದೇ ಒಂದು. ನಾನು ಕೆಲಸಕ್ಕೆ ಸೇರಿದ ಹೊಸತು. ತುರ್ಕಿಯಿಂದ. 'ಸಿನಗಾಗ್, ಯೆಹೂದಿ ಬೀದಿ' ಅಂತ ಅಷ್ಟೇ ವಿಳಾಸ. ಮೂರು ದಿನ ಚೀಲದಲ್ಲಿಟ್ಕೊಂಡು ಓಡಾಡ್ದೆ. ಬಾಗ್ಲು ತಟ್ಟಿದೆ, ಯಾರೂ ಇಲ್ಲ. ಕಡೆಗೆ ನಿಯಮದ ಪ್ರಕಾರ ಮೇಲೆ ಬರ್ದೆ, 'ವಿಳಾಸದಾರರು ಊರು ಬಿಟ್ಟಿದ್ದಾರೆ, ಹೊಸ ವಿಳಾಸ ತಿಳಿದಿಲ್ಲ.' ವಾಪಸ್ ಕಳಿಸ್ದೆ."

ಮೇಷ್ಟ್ರು ಜೋರಾಗಿ ನಕ್ಕರು. ಆಮೇಲೆ ತಾವೊಬ್ಬರೇ ನಗುತ್ತಿರುವುದು ಕಂಡು ಅಜ್ಜಿಯ ತಟ್ಟೆಗೆ ಕೈ ಹಾಕಿದರು. ಮಾಫಾಲ್ಡ ಫೈಲು ಮುಚ್ಚಿದ್ದಳು.

"ಊರು ಬಿಟ್ಟಿದ್ದಾರೆ ಅಂತ ಯಾರು ಹೇಳಿದ್ದು ನಿಮಗೆ?"

"ಯಾರೂ ಇರ್ಲಿಲ್ವಲ್ಲ."

"ಐನೂರು ವರ್ಷದ ಹಿಂದೆ ರಾಜ ಯೆಹೂದಿಗಳಿಗೆ ಮೊದ್ಲು ಹೊರಡಿ ಅಂದ, ಆಮೇಲೆ ಹೊರಡೋಕೂ ಬಿಡ್ದೆ ಬಲವಂತದಿಂದ ಕ್ರೈಸ್ತರನ್ನಾಗಿ ಮಾಡ್ದ. ತಪ್ಪಿಸ್ಕೊಂಡ ಕೆಲವರು ತುರ್ಕಿ ಸೇರಿದ್ರು, ಎಷ್ಟೋ ಜನ ಹೆಸರು ಬದಲಿಸ್ಕೊಂಡು ಇಲ್ಲೇ ಉಳ್ಕೊಂಡ್ರು, ಸೆನ್ಯೋರ್ ಸಿಲ್ವಿನೊ. ಅವರ ಮೊಮ್ಮಕ್ಕಳ ಮೊಮ್ಮಕ್ಕಳಿಗೆ ನೀವು ದಿನಾ ಕರೆಂಟ್ ಬಿಲ್ ಕೊಟ್ಟಿರ್ಬಹುದು."

ಸಿಲ್ವಿನೊ ಮೆಟ್ಟಿಲ ಮೇಲೆ ಕೂತುಬಿಟ್ಟ. ಕೇರಿಯ ಬಾಗಿಲುಗಳನ್ನು ಒಂದೊಂದಾಗಿ, ಮೇಲಿಂದ ಕೆಳಕ್ಕೆ, ತನ್ನ ಕ್ರಮಕ್ಕೆ ತದ್ವಿರುದ್ಧವಾಗಿ ನೋಡಿದ. "ಅಂದ್ರೆ ಯಾವ ಮನೆಗೆ ಹಾಕಿದ್ರೂ…"

"ನನಗೆ ಹಾಕ್ಬೇಕಿತ್ತು," ಎಂದಳು ಬಾಲ್ಬೀನಜ್ಜಿ. "ಅವರ ಭಾಷೆ ಬರಲ್ಲ ನಿಜ. ಆದ್ರೂ ಉತ್ತರ ಬರೀತಿದ್ದೆ. ಎಲ್ಲ ಕ್ಷೇಮ, ಈ ವರ್ಷ ಚೆಸ್ಟ್‌ನಟ್ ಚೆನ್ನಾಗಿ ಬಂದಿದೆ ಅಂತ. ಯಾರಿಗಾದ್ರೂ ಅಷ್ಟು ಸಾಕು."

ಅಷ್ಟರಲ್ಲಿ ಒಂದೂವರೆ ಗಂಟೆ ಮುಗಿದೇಹೋಗಿತ್ತು. ಕೋಟೆ ತಲೆಯ ಮೇಲೇ ಇತ್ತು, ಯಾರೂ ಹತ್ತಿರಲಿಲ್ಲ.

"ಫೇಲಾ?" ಎಂದು ಕೇಳಿದ ಸಿಲ್ವಿನೊ, ನೆಲ ನೋಡುತ್ತ.

"ಪಾಸಂತೂ ಅಲ್ಲ. ಕೋಟೆ ತೋರಿಸ್ದೆ ಇದ್ದವರನ್ನ ಪಾಸ್ ಮಾಡಿದ್ರೆ ನನ್ನ ಕೆಲಸ ಹೋಗುತ್ತೆ." ಮಾಫಾಲ್ಡ ಒಂದು ತುಂಡು ಬೊಲೆಯ್ಮ ಎತ್ತಿಕೊಂಡಳು. "ಮುಂದಿನ ಗುರುವಾರ, ಹತ್ತು ಗಂಟೆ. ಕೋಟೆ ಬಾಗಿಲಲ್ಲಿ. ಈ ಕಾಗದದ ಕಥೆ ಇರ್ಲಿ, ಬೆಕ್ಕಿಂದು ಬೇಡ."

"ಬೆಕ್ಕಿಂದೂ ಇರ್ಲಿ," ಎಂದಳು ಜುಲ್ಮೀರ. "ನಾವು ಇಲ್ಲೇ ಪಕ್ಕದೂರು ಮಾರ್ವಾವ್‌ನಲ್ಲೇ ಇರ್ತೀವಿ, ಗುರುವಾರ ಬರ್ತೀವಿ."

ಮನೆಗೆ ಬಂದಾಗ ಇನ್ನೂ ಹನ್ನೆರಡೂವರೆ. ಡಿಯೋಲಿಂಡ ಸೌಟು ಹಿಡಿದೇ ತಿರುಗಿದಳು. ಅವನು ಎಲ್ಲ ಹೇಳಿದ. ಕಾಗದದ ಮಾತು ಬಂದಾಗ ಅವಳು ಒಲೆ ಸಣ್ಣ ಮಾಡಿ ಎದುರು ಕೂತಳು.

"ಕೋಟೆ ಒಳಗೆ ಏನೇನಿದೆ ಅಂತ ನಿನಗೆ ಗೊತ್ತಾ?" ಎಂದು ಕೇಳಿದಳು.

"ಇಲ್ಲ."

"ನನಗೂ ಗೊತ್ತಿಲ್ಲ. ಇದೇ ಊರಲ್ಲಿ ಹುಟ್ಟಿದ್ದೀನಿ, ಮದುವೆಯಾದ ಮೇಲೆ ಒಂದ್ಸಲಾನೂ ಹತ್ತಿಲ್ಲ." ಸ್ವಲ್ಪ ಯೋಚಿಸಿದಳು. "ಮಂಗಳವಾರ ಇಬ್ಬರೂ ಹೋಗೋಣ. ನೀನು ನನಗೆ ಹೇಳ್ಕೊಂಡು ಅಭ್ಯಾಸ ಮಾಡು, ನಾನು ಪ್ರಶ್ನೆ ಕೇಳ್ತೀನಿ. ಆಮೇಲೆ ಗುರುವಾರ ದೊತೋರ ಹತ್ರ ಹೋಗು."