ಲೆಕ್ಕಕ್ಕೆ ಸೇರದ ಮೊದಲ ಕಾರ್ಡು

ಪುಕ್ಕಟೆ ಕೊಟ್ಟರೆ ಜನ ಖುಷಿಪಟ್ಟು ಸುಮ್ಮನಾಗುತ್ತಾರೆ ಎಂದು ಯಾರಾದರೂ ಹೇಳಿದ್ದರೆ ನಾನು ಅವರ ಕೈಗೆ ಮೇದಪ್ಪನ ಟಪಾಲು ಕೊಡುತ್ತಿದ್ದೆ. ಪುತ್ತೂರಿನ ಬಸ್ ಸ್ಟ್ಯಾಂಡಿನ ಹತ್ತಿರ, ಮಹಡಿಯ ಮೇಲೆ ನನ್ನ ಟೈಪಿಂಗ್ ಕ್ಲಾಸು. ಅವನ ಕಾಗದಗಳೆಲ್ಲ ಬರುತ್ತಿದ್ದದ್ದು ನನ್ನ ವಿಳಾಸಕ್ಕೆ. ಮುಂಬಯಿ, ಮದರಾಸು, ಕಲ್ಕತ್ತೆ, ಎಲ್ಲಿಂದ ಬಂದರೂ ಮೊದಲ ಸಾಲು ವಂದನೆ, ಎರಡನೆಯ ಸಾಲು ಬೇಡಿಕೆ.

ಮೇದಪ್ಪ ಕೊಲ್ಲಮೊಗ್ರಿನ ಗೌಡರ ಮನೆಯವನು. ಹೈಸ್ಕೂಲು ಮುಗಿಸಿ ನನ್ನಲ್ಲೇ ಟೈಪಿಂಗ್ ಕಲಿತು, ಮುಂಬಯಿಗೆ ಹೋಗಿ ಒಂದು ಬಟ್ಟೆ ಗಿರಣಿಯ ಆಫೀಸು ಸೇರಿದ. ಅರುವತ್ತರ ನಂತರ ಆ ಆಫೀಸಿಗೆ ಕೋಣೆ ತುಂಬುವಂಥ ಕಂಪ್ಯೂಟರು ಬಂತು. ಅದಕ್ಕೆ ಹೇಳುವುದನ್ನೆಲ್ಲ ತೂತು ಕೊರೆದ ಕಾರ್ಡುಗಳಲ್ಲಿ ಹೇಳಬೇಕು, ಒಂದು ಕಾರ್ಡಿಗೆ ಒಂದೇ ಸಾಲು. ನೂರಾರು ಕಾರ್ಡಿನ ಕಟ್ಟಿನಲ್ಲಿ ನಾಲ್ಕು ಸಾಲು ತಿದ್ದಬೇಕಾದರೆ ಬೆರಳಿನಲ್ಲಿ ಹುಡುಕಿ, ಹಳೆಯದನ್ನು ಕಿತ್ತು, ಹೊಸದನ್ನು ತುರುಕಬೇಕು. ಕೈಜಾರಿ ಕಟ್ಟು ನೆಲಕ್ಕೆ ಬಿತ್ತೋ, ಆ ದಿನದ ಕತೆ ಮುಗಿಯಿತು.

ಮೇದಪ್ಪನಿಗೆ ಈ ರಗಳೆ ಸಾಕಾಯಿತು. ಈ ಸಂಖ್ಯೆಯಿಂದ ಇಷ್ಟು ಕಾರ್ಡು ತೆಗೆ, ಅಲ್ಲಿಗೆ ಇವನ್ನು ಸೇರಿಸು ಎಂದರೆ ಮಿಷನ್ನೇ ತಿದ್ದಿದ ಹೊಸ ಕಟ್ಟು ಕೊರೆದು ಕೊಡುವ ಹಾಗೆ ಒಂದು ಸಣ್ಣ ಪ್ರೋಗ್ರಾಮು ಬರೆದ. ಪಕ್ಕದ ಆಫೀಸಿನವರು ಕೇಳಿದರು, ಕೊಟ್ಟ. ಅವರು ಇನ್ನೊಬ್ಬರಿಗೆ ಹೇಳಿದರು. ಅಂಥ ಮಿಷನ್ನು ಇದ್ದದ್ದೇ ದೇಶದಲ್ಲಿ ಬೆರಳೆಣಿಕೆಯ ಆಫೀಸುಗಳಲ್ಲಿ; ಅವರೆಲ್ಲರಿಗೂ ಮೇದಪ್ಪನ ಗುರ್ತ ಆಯಿತು.

ಆಮೇಲೆ ಅವನಿಗೆ ಬೆನ್ನುನೋವು ಹಿಡಿದುಕೊಂಡಿತು. ಮುಂಬಯಿಯ ಕೆಲಸ ಬಿಟ್ಟು, ಹೆಂಡತಿ ಶೀಲಾವತಿಯನ್ನು ಕರೆದುಕೊಂಡು ಊರಿಗೆ ಬಂದು ಪುತ್ತೂರಿನ ಒಂದು ಸೊಸೈಟಿಯಲ್ಲಿ ಗುಮಾಸ್ತನಾದ. ಪ್ರೋಗ್ರಾಮು ಮಾತ್ರ ಅವನನ್ನು ಬಿಡಲಿಲ್ಲ. ಸಂಜೆ ಆಫೀಸು ಬಿಟ್ಟವನೇ ನನ್ನ ಮಹಡಿ ಹತ್ತಿ, ಬೆನ್ನಿಗೊಂದು ತಲೆದಿಂಬು ಕೊಟ್ಟು ಕೂತು, ಕಾರ್ಬನ್ ಇಟ್ಟು ಪ್ರೋಗ್ರಾಮನ್ನು ಸಾಲು ಸಾಲಾಗಿ ಟೈಪ್ ಮಾಡುತ್ತಿದ್ದ. ಅದನ್ನು ನೋಡಿ ಆ ಆಫೀಸುಗಳವರು ಕಾರ್ಡು ಕೊರೆದುಕೊಳ್ಳುತ್ತಿದ್ದರು. ರಿಬ್ಬನ್ನು ನನ್ನದು, ಅಂಚೆ ಚೀಟಿ ಅವನದು.

"ಸಾಕು ಮಾಡು ಮಾರಾಯ," ಎಂದೆ ಒಂದು ದಿನ. "ಇವರು ನಿನಗೆ ಎಂತ ಆಗಬೇಕು?"

"ಎಂತದೂ ಇಲ್ಲ ಮಾಷ್ಟ್ರೆ. ಆದರೆ ನಾನು ಕೊಟ್ಟದ್ದು ಅಲ್ಲಿ ಕೆಟ್ಟರೆ ನೋಡುದು ಯಾರು? ಯಾರಾದರೂ ವಹಿಸಿಕೊಂಡರೆ ಇವತ್ತೇ ಕೈ ತೊಳೆದುಕೊಳ್ಳುತ್ತೇನೆ."

ಸುಳ್ಳಲ್ಲ. ಪ್ರತಿ ಕಾಗದದ ಕೊನೆಗೆ, ಇನ್ನು ಇದನ್ನು ನೀವು ಯಾರಾದರೂ ನೋಡಿಕೊಳ್ಳುತ್ತೀರಾ ಎಂದು ಕೇಳುತ್ತಿದ್ದ. ಆ ಒಂದು ಸಾಲಿಗೆ ಮಾತ್ರ ಒಬ್ಬನೂ ಉತ್ತರ ಬರೆಯಲಿಲ್ಲ. ಓದುಬರಹ ಬಲ್ಲ ಜನ, ಆ ಸಾಲು ಬಂದಾಗ ಮಾತ್ರ ಕಣ್ಣು ಮಂಜಾಗುತ್ತಿತ್ತೋ ಏನೋ.

ಅರುವತ್ತೆಂಟರ ಜಡಿಮಳೆಯ ಆಟಿ ತಿಂಗಳಲ್ಲಿ ಮುಂಬಯಿಯಿಂದ ರಾಧಾಕೃಷ್ಣ ಎಂಬವನ ಕಾಗದ ಬಂತು. ಕಾಸರಗೋಡಿನ ಕಡೆಯ ಹುಡುಗ, ಇನ್ನೊಂದು ಗಿರಣಿಯಲ್ಲಿ ಹೊಸದಾಗಿ ಸೇರಿದವನು. ಮೇದಪ್ಪನ ಪ್ರೋಗ್ರಾಮಿನಿಂದ ಪಾಳಿಯ ಪಟ್ಟಿ ತಿದ್ದಲು ಹೋಗಿ, ಹಳೆಯ ವಾರದ ಪಾಳಿಯೇ ಅಚ್ಚಾಗಿ, ಕೆಲಸಕ್ಕೆ ಬರಬೇಕಾದವರು ಮನೆಯಲ್ಲಿ ಕೂತಿದ್ದರಂತೆ. ತಪ್ಪು ಎಲ್ಲಿ ಎಂದು ತಿಳಿಯುತ್ತಿಲ್ಲ, ಇನ್ನೊಮ್ಮೆ ಹೀಗಾದರೆ ನನ್ನನ್ನು ತೆಗೆಯುತ್ತಾರೆ ಎಂದು ಬರೆದಿದ್ದ.

ಮೇದಪ್ಪ ತನ್ನ ಪ್ರೋಗ್ರಾಮನ್ನು ಸಾಲು ಸಾಲು ಓದಿದ. ಪರೀಕ್ಷೆ ಮಾಡಿ ನೋಡಲು ಇಲ್ಲಿ ಮಿಷನ್ನು ಎಲ್ಲುಂಟು? ತಲೆಯೇ ಮಿಷನ್ನು. ಎಷ್ಟು ಓದಿದರೂ ಎಲ್ಲ ಸರಿಯಾಗಿಯೇ ಕಾಣುತ್ತಿತ್ತು. ಕೆನ್ನೆ ಬತ್ತಿಹೋಯಿತು. ಶೀಲಾವತಿ ನನ್ನನ್ನು ಕಂಡಾಗ, "ಊಟಕ್ಕೆ ಕೂತರೆ ಅನ್ನದ ಅಗುಳು ಎಣಿಸ್ತಾರೆ ಮಾಷ್ಟ್ರೆ," ಎಂದಳು.

ಆ ಭಾನುವಾರ ಅವನ ಮನೆಗೆ ಹೋದೆ. ಚಾವಡಿಯಲ್ಲಿ ಶೀಲಾವತಿಯೂ ನೆರೆಮನೆಯ ದೇವಕಿಯೂ ಚೆನ್ನೆಮಣೆ ಆಡುತ್ತಿದ್ದರು. ನಮ್ಮಲ್ಲಿ ಆ ಮಣೆ ಅಟ್ಟದಿಂದ ಇಳಿಯುವುದು ಆಟಿಯಲ್ಲಿ ಮಾತ್ರ. ಒಂದು ಗುಳಿಯ ಕಾಯಿಗಳನ್ನೆಲ್ಲ ಬಾಚಿ, ಮುಂದಿನ ಗುಳಿಗಳಿಗೆ ಒಂದೊಂದಾಗಿ ಹಾಕುತ್ತ ಹೋಗುವ ಆಟ. ಮೇದಪ್ಪ ಗೋಡೆಗೆ ಒರಗಿ ನೋಡುತ್ತಿದ್ದ. ನೋಡುತ್ತಿದ್ದಾನೆಯೋ ನಿದ್ದೆಯೋ ಗೊತ್ತಾಗುವ ಹಾಗಿರಲಿಲ್ಲ.

ಒಮ್ಮೆಲೇ, "ಶೀಲಾ, ಆ ಗುಳಿಯಿಂದ ಪುನಃ ಹಾಕು," ಎಂದ.

ಅವಳು ಹಾಕಿದಳು. ಕಾಯಿ ಎತ್ತಿದ ಗುಳಿಗೆ ಯಾರೂ ಹಾಕುವುದಿಲ್ಲ. ಎಣಿಕೆ ಶುರುವಾಗುವುದು ಅದರ ಮುಂದಿನದರಿಂದ.

"ನಾನು ಹೀಗೇ ಎಣಿಸಿದ್ದು ಮಾಷ್ಟ್ರೆ," ಎಂದ. ದನಿಯಲ್ಲಿ ಗೆಲುವಿರಲಿಲ್ಲ. "ಕೈಗೆ ಅದೇ ಅಭ್ಯಾಸ. ಹತ್ತನೆಯ ಕಾರ್ಡು ತೆಗೆಯಲಿಕ್ಕೆ ನಾನು ಒಂಬತ್ತು ಎಂದು ಬರೆಯುದು. ಎಲ್ಲರಿಗೂ ಹಾಗೇ ಹೇಳಿಕೊಟ್ಟದ್ದು. ಆದರೆ ಮೊದಲನೆಯದನ್ನೇ ತೆಗೆಯಬೇಕಾದರೆ? ಅದರ ಹಿಂದೆ ಕಾರ್ಡೇ ಇಲ್ಲ. ಆ ಹುಡುಗ ಒಂದು ಎಂದು ಬರೆದಿರಬೇಕು. ಹಳೆಯ ವಾರ ಬರೆದ ಮೊದಲನೆಯದು ಉಳಿಯಿತು, ಎರಡನೆಯದು ಹೋಯಿತು."

"ಈಗ ಎಂತ ಮಾಡುದು?"

"ಕಟ್ಟಿನ ಮುಂದೆ ಒಂದು ಖಾಲಿ ಕಾರ್ಡು ಇಟ್ಟರೆ ಆಯಿತು, ಸೊನ್ನೆ ಎಂದು ಸಂಖ್ಯೆ ಕೊಟ್ಟು."

ಇಷ್ಟೇ. ಇಷ್ಟಕ್ಕೆ ಅವನು ಅರ್ಧ ಆಗಿದ್ದ. ಮರುದಿನ ಬೆಳಿಗ್ಗೆ ತಂತಿ ಕೊಟ್ಟೆವು. ಪ್ರೋಗ್ರಾಮು ಒಯ್ದ ಉಳಿದವರಿಗೆಲ್ಲ ಅವನು ಕೂತು ಕಾಗದ ಟೈಪ್ ಮಾಡಿದ.

ರಾಧಾಕೃಷ್ಣನಿಂದ ಉತ್ತರ ಬರಲಿಲ್ಲ. ಬಂದದ್ದು ಅದೇ ಆಫೀಸಿನ ಇನ್ನೊಬ್ಬನಿಂದ. ತಂತಿಗೆ ವಂದನೆ, ಖಾಲಿ ಕಾರ್ಡು ಚೆನ್ನಾಗಿ ಕೆಲಸ ಮಾಡುತ್ತದೆ, ರಾಧಾಕೃಷ್ಣ ಈಗ ಇಲ್ಲಿಲ್ಲ, ಅವನ ಜಾಗದಲ್ಲಿ ನಾನಿದ್ದೇನೆ, ಕಾರ್ಡುಗಳನ್ನು ಹಿಂದೆಮುಂದೆ ಮಾಡುವ ಸೌಕರ್ಯವನ್ನೂ ದಯವಿಟ್ಟು ಬೇಗ ಸೇರಿಸಿ ಕಳಿಸುವುದು. ಮೇದಪ್ಪ ಅದನ್ನು ಓದಿ ಮಡಚಿಟ್ಟ. ಬೈಯಲೂ ಇಲ್ಲ. ನನಗೆ ಮೈಯೆಲ್ಲ ಉರಿಯಿತು.

ದೀಪಾವಳಿ ಕಳೆದ ಮೇಲೆ ಒಂದು ಮಧ್ಯಾಹ್ನ ಮಹಡಿ ಹತ್ತಿ ಬಂದ ಸಪೂರ ಹುಡುಗ, "ಮೇದಪ್ಪನವರು ಸಿಗ್ತಾರಾ? ನಾನು ರಾಧಾಕೃಷ್ಣ, ಕಾಸರಗೋಡಿಂದ," ಎಂದ. ಅವತ್ತು ಶನಿವಾರ, ಅರ್ಧ ದಿನದ ಆಫೀಸು ಮುಗಿಸಿ ಬಂದ ಮೇದಪ್ಪ ಅಲ್ಲೇ ಟೈಪ್ ಮಾಡುತ್ತಿದ್ದ. ಎದ್ದು ನಿಂತ. ಹೊಡೆದರೂ ಹೊಡೆಸಿಕೊಳ್ಳುವವನ ಹಾಗೆ ನಿಂತ.

"ನಿಮ್ಮ ಕೆಲಸ ಹೋದ್ದು ನನ್ನಿಂದ," ಎಂದ.

"ಹೋಯ್ತು. ತಂತಿ ಬರುವ ಮೊದಲೇ ಎರಡನೆಯ ಸಲವೂ ತಪ್ಪಿತು," ಎಂದ ಹುಡುಗ. ಕುರ್ಚಿ ಎಳೆದು ಕೂತು ಚೀಲದಿಂದ ಹಾಳೆಗಳನ್ನು ತೆಗೆದ. "ಊರಲ್ಲಿ ಸುಮ್ಮನೆ ಕೂತಿದ್ದೆ. ಎಲ್ಲಿ ಎಡವಿದ್ದು ಎಂದು ನೋಡಿದೆ. ಇಲ್ಲಿ ತಿದ್ದಿದರೆ ಎಣಿಕೆ ಆ ಕಾರ್ಡಿನಿಂದಲೇ ಶುರುವಾಗ್ತದೆ, ಖಾಲಿ ಕಾರ್ಡು ಬೇಡ. ಸರಿ ಉಂಟಾ ನೋಡಿ."

ಮೇದಪ್ಪ ಓದಿದ. ಬೆರಳಿಟ್ಟು ಕೊನೆಯ ಸಾಲಿನವರೆಗೂ ಓದಿದ.

"ಸರಿ ಉಂಟು. ಕೆಲಸ ಹೋದ ಮೇಲೂ ಇದನ್ನು ಎಂತಕ್ಕೆ ಮಾಡಿದ್ದು ನೀವು?"

"ಉಳಿದವರು ಬಳಸ್ತಾ ಇದ್ದಾರಲ್ಲ. ನಿಮ್ಮ ಕಾಗದದ ಕೊನೆಗೆ ನೀವೇ ಕೇಳಿದ್ದಿರಿ, ಯಾರಾದರೂ ನೋಡಿಕೊಳ್ತೀರಾ ಅಂತ."

ಮೇದಪ್ಪ ಮೇಜಿನ ಕೆಳಗಿನ ಕಾಗದದ ಕಟ್ಟನ್ನೂ ಮೂಲ ಪ್ರತಿಯನ್ನೂ ಎತ್ತಿ ಹುಡುಗನ ಮುಂದಿಟ್ಟ. ಮೇದಪ್ಪನ ಕಣ್ಣಲ್ಲಿ ನೀರಿತ್ತು. ಇಲ್ಲವೆಂದು ನಾನು ಹೇಳುವುದಿಲ್ಲ. ಅವರಿಬ್ಬರಿಗೆ ಕಾಫಿ ತರೋಣವೆಂದು ಕೆಳಗಿನ ಹೋಟೆಲಿಗೆ ಹೋಗಿ ಬಂದೆ. ಅಷ್ಟರಲ್ಲಿ ಮೇದಪ್ಪ ಗೋಡೆ ಬದಿಯ ಬೆಂಚಿನ ಮೇಲೆ, ತಲೆದಿಂಬನ್ನು ತಲೆಯ ಕೆಳಗಿಟ್ಟು ನಿದ್ದೆ ಹೋಗಿದ್ದ. ಎರಡು ಗಂಟೆಯ ಕ್ಲಾಸಿಗೆ ಹುಡುಗಿಯರು ಬಂದು ಬಾಗಿಲಲ್ಲಿ ನಿಂತರು. ಇವತ್ತು ಕ್ಲಾಸಿಲ್ಲ, ಮನೆಗೆ ಹೋಗಿ ಎಂದೆ.

ಎರಡು ದಿನಕ್ಕೆ ಮದರಾಸಿನಿಂದ ಇನ್ನೊಂದು ಕಾಗದ ಬಂತು. ನಾನು ಮೇದಪ್ಪನಿಗೆ ತೋರಿಸಲಿಲ್ಲ. ವಿಳಾಸ ಹೊಡೆದುಹಾಕಿ, ಅದರ ಕೆಳಗೆ ರಾಧಾಕೃಷ್ಣನ ಕಾಸರಗೋಡಿನ ವಿಳಾಸ ಬರೆದು ಅಂಚೆ ಪೆಟ್ಟಿಗೆಗೆ ಹಾಕಿದೆ.