ನೋಡಿದರೆ ಭರ್ತಿಯಾಗುವ ಹಾಲ್

ಅಲಂಕಾರ ಕಂಡರೆ ನನಗೆ ಆಗುವುದಿಲ್ಲ. ಮಂಟಪದ್ದಲ್ಲ, ಪ್ರೋಗ್ರಾಮಿನದು. ವಿಕ್ರೋಳಿಯ ಆಫೀಸಿನಲ್ಲಿ ಪೈಥಾನ್ ಬರೆದೇ ತಲೆ ಬೋಳಾದವನು ನಾನು. ಆ ಭಾಷೆಯಲ್ಲಿ ಡೆಕೊರೇಟರ್ ಎಂಬುದೊಂದಿದೆ. ನೀವು ಬರೆದ ಫಂಕ್ಷನ್ನಿನ, ಅಂದರೆ ಒಂದು ಕೆಲಸ ಮಾಡಿಕೊಡುವ ಸಾಲುಗಳ ಕಟ್ಟಿನ, ನೆತ್ತಿಯ ಮೇಲೆ @ ಗುರುತು ಹಾಕಿ ಇನ್ನೊಂದರ ಹೆಸರು ಬರೆದರೆ, ಆ ಇನ್ನೊಂದು ನಿಮ್ಮದನ್ನು ತನ್ನೊಳಗೆ ಸುತ್ತಿಕೊಳ್ಳುತ್ತದೆ. ಆಮೇಲೆ ಕರೆದವರಿಗೆ ಓಗೊಡುವುದು ಹೊರಗಿನದೇ. ಮಿತಿಯಲ್ಲಿದ್ದರೆ ಒಳ್ಳೆಯ ಉಪಾಯ. ಆದರೆ ಈಗಿನವರಿಗೆ ಮಿತಿ ಎಂದರೆ ಮುದುಕರ ಕಾಯಿಲೆ.

ಮಾಟುಂಗದ ನಮ್ಮ ಕನ್ನಡ ಸಂಘದ ಹಾಲ್ ಬುಕಿಂಗಿಗೆ ಆ್ಯಪ್ ಬರೆದ ಪ್ರಣೀತ್ ಅಂಥವನು. ಕಾರ್ಯದರ್ಶಿಗಳ ಅಳಿಯ, ಆದ್ದರಿಂದ ಮಹಾಪಂಡಿತ.

ಚೆಂಬೂರಿನ ನಮ್ಮ ಬಿಲ್ಡಿಂಗಿನ ಶಾರದಕ್ಕನ ಮಗಳಿಗೆ ಮದುವೆ ಗೊತ್ತಾಗಿತ್ತು. ಗಂಡಿನ ಕಡೆಯವರು ಒಂದೇ ಮುಹೂರ್ತ ಹಿಡಿದು ಕೂತಿದ್ದರು. ಆ ದಿನ ಹಾಲ್ ಸಿಗದಿದ್ದರೆ ಮದುವೆ ಅವರ ಊರಲ್ಲಿ, ಅವರು ಹೇಳಿದಂತೆ. ಮಗಳನ್ನು ತನ್ನವರ ನಡುವೆ ಧಾರೆಯೆರೆದು ಕೊಡಬೇಕೆಂಬುದು ಅಕ್ಕನ ಆಸೆ. ಮೊದಲ ಸಲ ಫೋನಿನಲ್ಲಿ ನೋಡಿದಾಗ ದಿನ ಖಾಲಿಯಿತ್ತು. ಗಂಡಿನ ಕಡೆಯವರನ್ನು ಒಂದು ಮಾತು ಕೇಳಿ ಬರುವಷ್ಟರಲ್ಲಿ ಭರ್ತಿ. ಮರುದಿನವೂ ಭರ್ತಿ. ಬೆಳಗ್ಗೆ ದೇವರಿಗೆ ದೀಪ ಹಚ್ಚಿ ನೋಡುವರು, ಸಂಜೆ ಹಚ್ಚಿ ಮತ್ತೆ ನೋಡುವರು. ಅವರ ಮುಖ ದಿನದಿನಕ್ಕೆ ಸಣ್ಣದಾಗುವುದು ಕಂಡು ನನಗೆ ಸಂಕಟವಾಯಿತು.

“ಯಾರು ಹಿಡ್ಕೊಂಡು ಕೂತಿದ್ದಾರೆ ಅಂತ ಸ್ವಲ್ಪ ನೋಡಿ ಮಾರಾಯ್ರೆ,” ಎಂದರು.

ಸಂಘಕ್ಕೆ ಹೋಗಿ ಪ್ರೋಗ್ರಾಮ್ ತೆರೆಸಿದೆ. ಯಾವ ಫಂಕ್ಷನ್ ಏನು ಮಾಡಿತೆಂದು ತೋರಿಸುವಲ್ಲೆಲ್ಲ ಒಂದೇ ಹೆಸರು: ರ‍್ಯಾಪರ್. ಅಂದರೆ ಹೊದಿಕೆ. ಸುತ್ತುವಾಗ ಒಳಗಿನ ಹೆಸರನ್ನು ಹೊರಗೂ ಅಂಟಿಸಲು ಒಂದು ಸಾಲು ಸಾಕು. ಮಹಾಪಂಡಿತನಿಗೆ ಅದಕ್ಕೆ ಪುರುಸೊತ್ತಿರಲಿಲ್ಲ. ಕಾರ್ಯದರ್ಶಿಗಳು ಕನ್ನಡಕ ಏರಿಸಿ, ಈ ರ‍್ಯಾಪರ್ ಎಂಬವರು ನಮ್ಮ ಸದಸ್ಯರೋ ಎಂದು ವಿಚಾರಿಸಿದರು.

ಹೊದಿಕೆಗಳನ್ನೆಲ್ಲ ಬಿಚ್ಚಿದ ಮೇಲೆ ಸಿಕ್ಕಿದ್ದು ಪ್ರಾಪರ್ಟಿ. ಇದೂ ಡೆಕೊರೇಟರೇ, ಇನ್ನೂ ನಾಜೂಕಿನದು. ಹೊರಗಿನಿಂದ ನೋಡಿದರೆ ಹಾಲಿನ ಒಂದು ಗುಣ ಅಷ್ಟೆ, ‘ಖಾಲಿ’ ಎಂದು. ಅದನ್ನು ಓದಲು ಹೋದರೆ ಬೆನ್ನ ಹಿಂದೆ ಒಂದು ಫಂಕ್ಷನ್ ಓಡುತ್ತದೆ. ತಪ್ಪು ಮಾಹಿತಿ ತಡೆಯಲು ಇಂಥದ್ದು ಬೇಕು, ಒಪ್ಪಿದೆ. ಪ್ರಣೀತ್ ಅದರೊಳಗೆ ಔದಾರ್ಯ ತುರುಕಿದ್ದ: ಯಾರಾದರೂ ದಿನ ನೋಡಿದರೆ, ಬೇರೆಯವರು ಕಸಿಯದಂತೆ ಮರುದಿನದವರೆಗೆ ಅದನ್ನು ಕಾದಿರಿಸುವುದು. ಯಾರಿಗಾಗಿ ಎಂಬುದನ್ನು ಮಾತ್ರ ನೆನಪಿಡಲು ಹೇಳಿರಲಿಲ್ಲ, ಹಾಗಾಗಿ ನೋಡಿದವರಿಗೇ ಭರ್ತಿ ಎನ್ನುತ್ತಿತ್ತು. ಅಕ್ಕ ನೋಡಿದಾಗಲೆಲ್ಲ ಗಡುವು ಮುಂದಕ್ಕೆ ಹೋಗುತ್ತಿತ್ತು. ಹಾಲ್ ಹಿಡಿದು ಕೂತವರು ಶಾರದಕ್ಕನೇ.

“ಅಂಕಲ್, ಬಾಹರ್‌ಸೆ ಕಿತನಾ ಕ್ಲೀನ್ ಹೈ, ನೋಡಿ ನಾ,” ಎಂದು ಪ್ರಣೀತ್ ಹೊರಗಿನ ಚೊಕ್ಕತನ ತೋರಿಸಿದ. ಹೌದಪ್ಪ, ನೆಂಟರು ಬರುತ್ತಾರೆಂದರೆ ಸಾಮಾನೆಲ್ಲ ಮಂಚದಡಿ ನೂಕುವ ನನ್ನ ಮನೆಯೂ ಕ್ಲೀನೇ. ನೋಡುವುದು ಬರೀ ನೋಡುವುದಾಗಿರಲಿ, ಕಾದಿರಿಸಲು ಬೇರೆ ಬಟನ್ ಇರಲಿ ಎಂದು ಗದರಿ, ಎದುರಲ್ಲೇ ಕೂತು ಸರಿಮಾಡಿಸಿದೆ. ಅವತ್ತೇ ಸಂಜೆ ಅಕ್ಕ ಆ ಬಟನ್ ಒತ್ತಿದರು, ಹಾಲ್ ಅವರದಾಯಿತು.

ಮದುವೆಯ ಹಿಂದಿನ ದಿನ, ಮಂಟಪ ಕಟ್ಟಲು ಬಂದ ನಮ್ಮ ಊರ ಕಡೆಯವರು ಒಳಗಿನವರು ಕಾಣದಂತೆ ಮುಂದುಗಡೆಯೂ ಹೂವಿನ ಗೋಡೆ ಎಬ್ಬಿಸುತ್ತಿದ್ದರು. ಶಾರದಕ್ಕ ಸೆರಗು ಸೊಂಟಕ್ಕೆ ಸಿಕ್ಕಿಸಿ ಎದುರು ನಿಂತರು.

“ಹೂ ಎಷ್ಟು ಬೇಕಾದ್ರೂ ಹಾಕಿ. ಒಳಗೆ ಕೂತದ್ದು ನನ್ನ ಮಗಳು ಅಂತ ಗೊತ್ತಾಗ್ಬೇಕು, ಅಷ್ಟೆ.”

ಪ್ರಣೀತ್ ಪಕ್ಕದಲ್ಲೇ ನಿಂತಿದ್ದ. ಅವನಿಗೆ ಕನ್ನಡ ಮಾತಾಡಲು ತಡವರಿಕೆ. ಅರ್ಥ ಮಾತ್ರ ಆಗುತ್ತದೆ.